ಅಜ್ಜಿಯ ಹಾಡನ್ನು ನಾನು ಸರಿಮಾಡಿದ್ದು

ಸ್ಪೇನಿನ ಕ್ಯಾಟಲೋನಿಯಾದ ಒಬ್ಬ ಹಳೆಯ ಸಂಗೀತಗಾರನ ಬಗ್ಗೆ ಮಾತಾಡಲು ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನನಗೆ ಯಾರೂ ಸಿಕ್ಕಿರಲಿಲ್ಲ. ಆತ ಪಿಯಾನೋಗೆ ಸಂಗೀತ ಬರೆಯುತ್ತಿದ್ದ. ಜೊತೆಗೆ ಹಳ್ಳಿಹಳ್ಳಿ ತಿರುಗಿ ಕೊಯ್ಲಿನವರ, ಅಡುಗೆಮನೆಯ ಹೆಂಗಸರ ಹಾಡು ಕೇಳಿ ಬರೆದಿಟ್ಟು, ಅವುಗಳ ಮೇಲೆ ದಪ್ಪ ಪುಸ್ತಕಗಳನ್ನೂ ಬರೆದಿದ್ದ. ನಾನು ಸಂಗೀತ ಕಲಿತದ್ದು ಯೂಟ್ಯೂಬಿನಲ್ಲಿ, ಅವನನ್ನು ಓದಿದ್ದು ಫೋನಿನ ಅನುವಾದದಲ್ಲಿ. ಆದರೂ ಒಂದು ವಿಷಯ ತಲೆಗೆ ಹತ್ತಿತ್ತು: ಹಾಡುವವಳು ತಡವರಿಸಿದರೂ, ಸ್ವರ ಜಾರಿದರೂ ಆತ ಅದನ್ನು ಹಾಗೇ ಬರೆಯುತ್ತಿದ್ದ. ತಿದ್ದುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಸಿಕ್ಕಿದವರಿಗೆಲ್ಲ ನಾನು ಇದನ್ನೇ ಕೊರೆಯುತ್ತಿದ್ದೆ.

ಅವನ ಹಾಗೆ ನಾನೂ ಹಾಡು ಕೂಡಿಹಾಕಬೇಕೆಂದು ಹತ್ತಿರದ ಎಜ್‌ವೇರಿಗೆ ಹೋದೆ. ಅಲ್ಲಿ ಪರಿಚಯದ ಡಾಕ್ಟರ್ ಆಂಟಿಯ ಅತ್ತೆ ಇದ್ದರು, ಧಾರವಾಡದವರು; ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಅವರ ತಾಯಿ ಜೋಳ ಬೀಸುವಾಗ ಹಾಡುತ್ತಿದ್ದ ಹಾಡೊಂದು ಈಗ ಅವರೊಬ್ಬರಿಗೇ ಬರುತ್ತಿತ್ತು. ಎರಡು ಸಲ ಒಲ್ಲೆ ಎಂದು, ಮೂರನೇ ಸಲ ಕಣ್ಣು ಮುಚ್ಚಿ ಹಾಡಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಮನೆಗೆ ಬಂದು ಸ್ವರ ತಿದ್ದುವ ಆಪ್‌ಗೆ ಹಾಕಿದರೆ ಪ್ರತಿ ಸಾಲಿನ ಕೊನೆಗೂ ಕೆಂಪು. ಸ್ವರ ತಪ್ಪಿದೆ ಎಂದರ್ಥ. ಒಂದನ್ನು ಒತ್ತಿ ಹಸಿರು ಮಾಡಿದೆ, ಚೆನ್ನಾಗಿ ಕೇಳಿಸಿತು. ಆಮೇಲೆ ಎಲ್ಲವನ್ನೂ ಮಾಡಿದೆ. ಹಿಂದೆ ತಂಬೂರಿ ಸೇರಿಸಿದೆ. ಫೋನಿನಲ್ಲಿ ಜಾಗವಿರಲಿಲ್ಲ, ಮೂಲದ ಮೇಲೇ ಸೇವ್ ಮಾಡಿದೆ.

ಮುಂದಿನ ಭಾನುವಾರ ಅವರ ಮನೆಯಲ್ಲಿ ಕೇಳಿಸಿದೆ.

"ಲವ್ಲಿ ಆಗಿದೆ ಕಣೇ, ಯುಗಾದಿ ಫಂಕ್ಷನ್‌ಗೆ ಇದನ್ನೇ ಹಾಕೋಣ," ಅಂದರು ಡಾಕ್ಟರ್ ಆಂಟಿ, ಮೈಸೂರಿನವರು.

ಅಜ್ಜಿ ನನ್ನ ಕಡೆ ತಿರುಗಿದರು. "ಯಾರವಾ ಹಾಡಿದಾಕಿ?"

"ನೀವೇ ಅಜ್ಜಿ. ಸ್ವಲ್ಪ ಕ್ಲೀನ್ ಮಾಡಿದೀನಿ ಅಷ್ಟೆ."

"ಬೀಸೋ ಕಲ್ಲು ಒಂದು ಸುತ್ತು ಬಂದಾಗ ನಮ್ಮವ್ವ ಸಾಲಿನ ಕಡೀಕ ಉಸಿರು ಬಿಡ್ತಿದ್ಲು. ಅದನ್ನ ಎಲ್ಲಿಟ್ಟಿ?"

ಇನ್ನೊಮ್ಮೆ ಹಾಕಿ ಕೇಳಿದೆ. ಪ್ಲಾಸ್ಟಿಕ್ ಹೂವಿಗೆ ಸೆಂಟು ಹೊಡೆದ ಹಾಗಿತ್ತು. ಉಸಿರೇ ಇಲ್ಲದ ಯಾವುದೋ ನಯವಾದ ಗಂಟಲು. ಒಂದೊಂದೇ ಸಾಲನ್ನು ಎಷ್ಟು ಖುಷಿಯಿಂದ ಒತ್ತಿದ್ದೆ ಎಂಬುದು ನೆನಪಾಗಿ ನನ್ನ ಬೆರಳುಗಳ ಮೇಲೇ ಹೇಸಿಗೆ ಹುಟ್ಟಿತು.

"ಮೊದಲಿನದು ಅಳಿಸಿಹೋಯ್ತು ಅಜ್ಜಿ. ಇನ್ನೊಂದ್ಸಲ ಹಾಡ್ತೀರಾ?"

"ನಾ ಯಾಕ ಹಾಡ್ಲಿ? ಆಕಿ ಛಂದ ಹಾಡ್ತಾಳಲ್ಲ, ಆಕಿ ಕಡೇನ ಹಾಡಿಸ್ಕೊ."

ಆಂಟಿ ನಕ್ಕರು. ಅಜ್ಜಿ ನಗಲಿಲ್ಲ, ಎದ್ದು ಒಳಗೆ ಹೋದರು. ಅಷ್ಟರಲ್ಲಿ ಆಂಟಿ ಆ ಫೈಲನ್ನು ನನ್ನ ಫೋನಿನಿಂದಲೇ ಕನ್ನಡದವರ ವಾಟ್ಸಾಪ್ ಗುಂಪಿಗೆ ಕಳಿಸಿಯಾಗಿತ್ತು. ಒಂದೊಂದಾಗಿ ಹೃದಯಗಳು, ಚಪ್ಪಾಳೆಗಳು ಬಂದು ಬೀಳತೊಡಗಿದವು.