ಇನ್‌ಸೋಮ್ ಅಣ್ಣನ ಬೈಕಿನ ಹಿಂದಿನ ಪೆಟ್ಟಿಗೆ

ಪುವಾ ಪೇಟೆಯಲ್ಲಿ ನನ್ನ ನೂಡಲ್ಸ್ ಅಂಗಡಿಯ ಎದುರಿಗೇ ಇನ್‌ಸೋಮ್ ಅಣ್ಣನ ಕ್ಷೌರದ ಅಂಗಡಿ. ಒಂದೇ ಕುರ್ಚಿ, ಒಂದೇ ಕನ್ನಡಿ, ಹಲ್ಲಿಗಳಿಗೆ ಲೆಕ್ಕವಿಲ್ಲ. ಆದರೆ ಈ ಕಣಿವೆಯಲ್ಲಿ ಅವನಷ್ಟು ನಯವಾಗಿ ಗಡ್ಡ ಹೆರೆಯುವವರು ಇನ್ನೊಬ್ಬರಿರಲಿಲ್ಲ. ಕುತ್ತಿಗೆಗೆ ಕತ್ತಿ ತಾಗಿದ್ದೇ ಗೊತ್ತಾಗದೆ ಜನ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು.

ಅವನ ಹೆಂಡತಿ ಸೈಖಮ್ ಅಕ್ಕ ಅಂಚೆ ಕಚೇರಿಯಲ್ಲಿದ್ದವಳು. ಮಳೆ, ಮಂಜು ಎನ್ನದೆ ಸಣ್ಣ ಬೈಕಿನಲ್ಲಿ ಗುಡ್ಡದ ಹಳ್ಳಿಗಳಿಗೆಲ್ಲ ಕಾಗದ, ಪಾರ್ಸಲ್ಲು ಮುಟ್ಟಿಸಿ, ಆ ವರ್ಷವಷ್ಟೇ ನಿವೃತ್ತಿಯಾಗಿದ್ದಳು. "ನನ್ನ ಜೀವನ ಪೂರ್ತಿ ಬೇರೆಯವರ ಗಂಟು ಹೊತ್ತೆ. ಇನ್ಮೇಲೆ ಹಿಂದೆ ಕೂತ್ಕೊಂಡು ಊರು ನೋಡ್ತೀನಿ" ಎಂದು ಅವಳು ಅಂದದ್ದೇ ತಡ, ಇನ್‌ಸೋಮ್ ಅಣ್ಣ ದೂರ ಪ್ರಯಾಣದ ದೊಡ್ಡ ಬೈಕನ್ನು ತಂದು ಬಾಗಿಲಲ್ಲಿ ನಿಲ್ಲಿಸಿದ. ಬೂದು ಬಣ್ಣ, ಎತ್ತರದ ಮೈ. ನಾವೆಲ್ಲ ಸುತ್ತ ನಿಂತು ನೋಡಿದೆವು.

ಬೈಕು ಬಂದ ಮರುದಿನದಿಂದ ಅವನ ಅಂಗಡಿಯಲ್ಲಿ ಬೇರೆ ಮಾತೇ ಇಲ್ಲವಾಯಿತು. ಯಾವ ಗಾರ್ಡು ಹಾಕಿಸಬೇಕು, ಮಂಜಿಗೆ ಹಳದಿ ದೀಪ ಒಳ್ಳೆಯದೋ ಬಿಳಿಯೋ, ಹ್ಯಾಂಡಲ್ ಎಷ್ಟು ಎತ್ತರಿಸಿದರೆ ಬೆನ್ನು ನೋಯುವುದಿಲ್ಲ. ಗಿರಾಕಿಯ ಅರ್ಧ ತಲೆಗೂದಲು ಕತ್ತರಿಸಿ, ಉಳಿದರ್ಧವನ್ನು ಮರೆತು ಫೋನಿನಲ್ಲಿ ಚಿತ್ರ ತೋರಿಸುತ್ತ ನಿಂತುಬಿಡುತ್ತಿದ್ದ.

ಸೇತುವೆಯ ಆಚೆ ದೇಚಾನ ಗ್ಯಾರೇಜು. ದೇಚಾ ಮಧ್ಯವಯಸ್ಸಿನವನು, ನಗುಮುಖದವನು. ಇಂಥ ಬೈಕುಗಳಿಗೆ ಬೇಕಾದ್ದನ್ನೆಲ್ಲ ತರಿಸಿ ಕೂಡಿಸಿಕೊಡುತ್ತಾನೆ. ಗಾರ್ಡು, ದೀಪ, ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆ ಎಲ್ಲ ಕೂತವು. ಹೆಂಡತಿಯ ಮುಖಕ್ಕೆ ಗಾಳಿ ಹೊಡೆಯಬಾರದೆಂದು ಇದ್ದುದರಲ್ಲೇ ಎತ್ತರದ ಗಾಜು ಬಂತು. ಕೊನೆಗೆ ಉಳಿದದ್ದು ಸೀಟಿನ ಹಿಂದಿನ ಪೆಟ್ಟಿಗೆ. ಅದರ ಮುಂಭಾಗಕ್ಕೆ ಮೆತ್ತೆ ಇರುತ್ತದೆ, ಹಿಂದೆ ಕೂತವರು ಒರಗಿಕೊಳ್ಳಬಹುದು. ಸೈಖಮ್ ಅಕ್ಕ ಒರಗಿ ನೋಡಿ, "ಸ್ವಲ್ಪ ಇಕ್ಕಟ್ಟು" ಎಂದಳು. ಅಷ್ಟೇ ಸಾಕಾಯಿತು.

"ಪೆಟ್ಟಿಗೇನ ಹಿಂದಕ್ಕೆ ತಳ್ಳಿ ಕೂರಿಸು" ಎಂದ ಇನ್‌ಸೋಮ್ ಅಣ್ಣ.

"ಹಿಂದಕ್ಕಾ? ಚಕ್ರದಾಚೆ ತೂಗಾಡುತ್ತೆ, ದೊಡ್ಡಪ್ಪ. ಚಿಕ್ಕ ಪೆಟ್ಟಿಗೆ ಹಾಕೋಣ ಬಿಡಿ."

"ಚಿಕ್ಕದ್ರಲ್ಲಿ ಅನ್ನ ಹಬೇಲಿ ಬೇಯಿಸೋ ಬಿದಿರು ಬುಟ್ಟಿ ಹಿಡಿಸಲ್ಲ."

"ದಾರೀಲಿ ಅನ್ನ ಸಿಗಲ್ವಾ?"

"ನಿಮ್ಮ ದೊಡ್ಡಮ್ಮನಿಗೆ ಹೊರಗಿನ ಅನ್ನ ಸೇರಲ್ಲ ಕಣೋ."

"ನಾನ್ ಯಾವಾಗ ಹಾಗಂದೆ?" ಎಂದಳು ಸೈಖಮ್ ಅಕ್ಕ. ಯಾರೂ ಕಿವಿಗೊಡಲಿಲ್ಲ. ದೇಚಾ ತಲೆ ಕೆರೆದುಕೊಂಡು, ಕಬ್ಬಿಣದ ಪಟ್ಟಿ ಬೆಸೆದು, ದೊಡ್ಡ ಪೆಟ್ಟಿಗೆಯನ್ನು ಹಿಂದಕ್ಕೆ ಕೂರಿಸಿಕೊಟ್ಟ. "ತೂಕ ಮಾತ್ರ ಜಾಸ್ತಿ ತುಂಬ್ಬೇಡಿ" ಎಂದು ಎಚ್ಚರಿಸಿದ. ಇನ್‌ಸೋಮ್ ಅಣ್ಣ ಹೂಂ ಎಂದು, ಮನೆಗೆ ಬಂದು ಗ್ಯಾಸ್ ಒಲೆ, ಅನ್ನದ ಬುಟ್ಟಿ, ಪಾತ್ರೆ, ಸ್ಪಾನರುಗಳ ಡಬ್ಬ, ಹಾಸಿಗೆ ಎಲ್ಲವನ್ನೂ ಅದರಲ್ಲೇ ತುರುಕಿದ. ಪಕ್ಕದ ಪೆಟ್ಟಿಗೆಗಳಿಗೆ ಗೀರು ಬಿದ್ದೀತೆಂದು ಅವುಗಳಲ್ಲಿ ಬಟ್ಟೆ ಮಾತ್ರ.

ಮೊದಲ ಸವಾರಿಗೆ ಇಬ್ಬರೂ ದೊಯ್ ಫೂಖಾ ಬೆಟ್ಟಕ್ಕೆ ಹೋದರು. ಹತ್ತುವಾಗ ಎಲ್ಲ ಚೆನ್ನಾಗಿತ್ತು. ಇಳಿದು ಬರುವಾಗ, ಉದ್ದನೆಯ ನೇರ ದಾರಿಯಲ್ಲಿ ಸ್ವಲ್ಪ ವೇಗ ಹಿಡಿದನಂತೆ. ಅವನ ಕೈಗಳು ನಡುಗಲಾರಂಭಿಸಿದವು. ಬಿಗಿಯಾಗಿ ಹಿಡಿದ; ನಡುಕ ಇನ್ನೂ ಹೆಚ್ಚಿತು. ವೇಗ ಇಳಿಸಿದ ಮೇಲೆ ನಿಂತಿತು. ಬೈಕನ್ನು ಪಕ್ಕಕ್ಕೆ ತಂದು ಕೈ ನೋಡಿಕೊಂಡ.

"ಯಾಕೆ ನಿಲ್ಸಿದ್ರಿ, ಪೋ?" ಎಂದಳು ಸೈಖಮ್ ಅಕ್ಕ. ಮಗ ಹುಟ್ಟಿದ ದಿನದಿಂದ ಅವಳಿಗೆ ಅವನು ಪೋ, ಅಂದರೆ ಅಪ್ಪ. ಅವನಿಗೆ ಅವಳು ಮೇ, ಅಮ್ಮ.

"ಏನಿಲ್ಲ, ಮೇ. ಕಾಫಿ ಕುಡಿಯೋಣ ಅನ್ನಿಸ್ತು."

ಅವನ ತಂದೆಯೂ ಕ್ಷೌರಿಕನೇ. ಆ ಮುದುಕನನ್ನು ನಾನೂ ನೋಡಿದ್ದೇನೆ. ನಡುಕದ ಕಾಯಿಲೆ ಮೊದಲು ಬಲಗೈಗೆ ಬಂತು, ಆಮೇಲೆ ಎಡಗೈಗೆ. ಕೊನೆಕೊನೆಗೆ ಚಮಚದಲ್ಲಿ ಗಂಜಿ ನಿಲ್ಲುತ್ತಿರಲಿಲ್ಲ. ಇನ್‌ಸೋಮ್ ಅಣ್ಣನೇ ಉಣಿಸುತ್ತಿದ್ದ. ಕತ್ತಿಯನ್ನು ಮಗನ ಕೈಗೆ ಕೊಟ್ಟ ದಿನ ಮುದುಕ ಮುಖ ತಿರುಗಿಸಿಕೊಂಡು ಕೂತದ್ದನ್ನು ಇಡೀ ಬೀದಿ ನೋಡಿತ್ತು.

ಒಂದೆರಡು ದಿನ ಬಿಟ್ಟು ಅವನು ಒಬ್ಬನೇ ಗದ್ದೆಗಳ ನಡುವಿನ ದಾರಿಯಲ್ಲಿ ಬೈಕು ಓಡಿಸಿದ. ಅಲ್ಲೂ ಅದೇ ನಡುಕ. ಅಲ್ಲಿಗೆ ಅವನ ಮನಸ್ಸಿನಲ್ಲಿ ತೀರ್ಮಾನವಾಗಿಹೋಯಿತು. ಯಾರಿಗೂ ಹೇಳಲಿಲ್ಲ.

ಆ ವಾರ ನಾನು ಗಡ್ಡ ಮಾಡಿಸಲು ಹೋದರೆ, "ಯಂತ್ರದಲ್ಲಿ ಸವರಿ ಕಳಿಸ್ತೀನಿ, ಈಗೆಲ್ಲ ಅದೇ ಫ್ಯಾಷನ್ನು" ಎಂದ.

"ಅಣ್ಣಾ, ನನ್ನ ಮುಖಕ್ಕೆ ಫ್ಯಾಷನ್ ಯಾಕೆ? ಕತ್ತಿ ತಗೋ."

"ಕತ್ತಿ ಮೊಂಡಾಗಿದೆ."

"ನೀನು ಕತ್ತಿ ಮೊಂಡಾಗೋಕೆ ಬಿಡೋನಾ?"

ಅವನು ಟವೆಲು ಕೊಡವಿದ. ಅವನು ಎತ್ತಿಕೊಂಡ ಚಹಾ ಲೋಟ ತಟ್ಟೆಗೆ ತಗುಲಿ ಕಟಕಟ ಅಂದಿತು. ಅವನೂ ಕೇಳಿಸಿಕೊಂಡ, ನಾನೂ ಕೇಳಿಸಿಕೊಂಡೆ. ನಿದ್ದೆಯಿಲ್ಲದೆ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಗಂಡಹೆಂಡಿರ ಜಗಳವಿರಬೇಕೆಂದು ಸುಮ್ಮನಾದೆ.

ಮಳೆ ನಿಂತು, ಪ್ರಯಾಣದ ದಿನ ಹತ್ತಿರವಾಯಿತು. ಉಪ್ಪಿನ ಬಾವಿಗಳ ಊರು ಬೊಕ್ಲುವಕ್ಕೆ ಹೋಗಿ, ಅಲ್ಲಿಂದ ಗಡಿಯ ದಾರಿ ಹಿಡಿದು ಸುತ್ತಿ ಬರುವುದೆಂದು ಮಾತಾಗಿತ್ತು. ಬೆಳಗಿನ ತಿಂಡಿಯ ಹೊತ್ತು. ನನ್ನ ಅಂಗಡಿಯ ಮೇಜಿನ ಮುಂದೆ ಕೂತೇ ಇನ್‌ಸೋಮ್ ಅಣ್ಣ, "ಬೈಕು ಮಾರಿಬಿಡ್ತೀನಿ" ಎಂದ.

ಸೈಖಮ್ ಅಕ್ಕನ ಕೈಯಲ್ಲಿದ್ದ ಚಾಪ್‌ಸ್ಟಿಕ್ಕು ಹಾಗೇ ನಿಂತಿತು. "ಏನಂದ್ರಿ?"

"ನನಗೆ ಅದು ಹಿಡಿಸ್ಲಿಲ್ಲ. ಭಾರ ಜಾಸ್ತಿ."

"ಇಷ್ಟು ದಿನ ಮದುಮಗಳನ್ನ ಸಿಂಗರಿಸಿದ ಹಾಗೆ ಸಿಂಗರಿಸಿ, ಈಗ ಭಾರ ಅಂತೀರಾ? ನಾನು ಹಿಂದೆ ಕೂತಿದ್ದಕ್ಕೆ ಭಾರ ಆಯ್ತೇನೋ!"

"ಅದಲ್ಲ ಮೇ..."

"ಮತ್ತೇನು? ಬಾಯಿಬಿಟ್ಟು ಹೇಳಿ."

ಅವನು ಬಟ್ಟಲು ಕೆದಕತೊಡಗಿದ. ಅವಳು ಎದ್ದಳು. "ಮಾರೋದಾದ್ರೆ ಮಾರಿ. ಅದಕ್ಕೆ ಮುಂಚೆ ಒಂದ್ಸಲ ನಾನು ಓಡಿಸ್ತೀನಿ" ಎಂದು ಬೀಗದ ಕೈ ಕಿತ್ತುಕೊಂಡು, ತುಂಬಿದ ಪೆಟ್ಟಿಗೆಗಳ ಸಮೇತ ಬೈಕು ಹತ್ತಿ ಹೊರಟೇಬಿಟ್ಟಳು. ಇನ್‌ಸೋಮ್ ಅಣ್ಣ ತಲೆ ಬಗ್ಗಿಸಿ ತಣ್ಣಗಾದ ನೂಡಲ್ಸ್ ಮುಂದೆ ಕೂತೇ ಇದ್ದ.

ಅವಳು ಮರಳಿ ಬಂದಾಗ ಬೈಕನ್ನು ಬಾಗಿಲವರೆಗೆ ತರಲಿಲ್ಲ. ಬೀದಿಯ ತುದಿಯಲ್ಲೇ ನಿಲ್ಲಿಸಿ ನಡೆದು ಬಂದಳು. ಮುಖ ಬಿಳುಚಿಕೊಂಡಿತ್ತು.

"ಪೋ! ಇಂಥ ಗಾಡೀಲಿ ನನ್ನನ್ನ ಬೆಟ್ಟ ಹತ್ತಿಸಿದ್ರಾ? ನೇರ ದಾರೀಲಿ ಹ್ಯಾಂಡಲ್ಲು ಜ್ವರ ಬಂದೋರ ಹಾಗೆ ನಡುಗುತ್ತೆ! ಕೈ ಸಡಿಲ ಬಿಟ್ಟಿದ್ದಕ್ಕೆ ಬದುಕಿಕೊಂಡೆ!"

ಇನ್‌ಸೋಮ್ ಅಣ್ಣ ಮೆಲ್ಲಗೆ ತಲೆಯೆತ್ತಿದ. "ನಿನಗೂ ನಡುಗ್ತಾ?"

"ನನಗಲ್ಲ ರೀ, ಗಾಡಿಗೆ!"

"ಕೈ ಅಲ್ವಾ?"

"ಯಾರ ಕೈ?"

ಅವನು ತನ್ನ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, "ಅಪ್ಪನ ಕಾಯಿಲೆ ಬಂತು ಅಂದ್ಕೊಂಡೆ, ಮೇ" ಎಂದ. ಸೈಖಮ್ ಅಕ್ಕ ಅವನ ಪಕ್ಕ ಕೂತು, ಆ ಕೈಗಳ ಮೇಲೆ ತನ್ನ ಕೈಯಿಟ್ಟು, "ದಡ್ಡ ಮುದುಕಪ್ಪ. ಒಂದು ಮಾತು ಹೇಳಬಾರ್ದಾ?" ಎಂದಳು. ನಾನು ಒಲೆಯ ಕಡೆ ತಿರುಗಿ ಸಾರು ಕದಡುತ್ತ ನಿಂತೆ.

ಆಮೇಲೆ ನಾನು ಹೇಳಿದ ಚಹಾ ಲೋಟದ ಕಟಕಟ ಮಾತ್ರ ಅವಳ ತಲೆಯಿಂದ ಹೋಗಲಿಲ್ಲ. ಮರುದಿನವೇ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ವೈದ್ಯೆ ಬೆರಳು ತಟ್ಟಿಸಿದಳು, ನಡೆಸಿದಳು, ಕಾಗದದ ಮೇಲೆ ಸುರುಳಿ ಬರೆಸಿದಳು. ಆ ಕಾಯಿಲೆಯ ಲಕ್ಷಣ ಯಾವುದೂ ಕಾಣುತ್ತಿಲ್ಲ, ಚಿಂತೆಗೆ, ನಿದ್ದೆಗೇಡಿಗೆ ಕೈ ಹೀಗಾಗುವುದುಂಟು, ಹೋಗಿ ನಿದ್ದೆ ಮಾಡಿ ಎಂದಳಂತೆ. ಅವನು ಅಕ್ಷರಶಃ ಪಾಲಿಸಿದ. ಅಂದು ಮಧ್ಯಾಹ್ನದಿಂದ ಅವನ ಅಂಗಡಿಯ ಕುರ್ಚಿಯಲ್ಲಿ ಗಿರಾಕಿಗಳ ಬದಲು ಅವನೇ ಬಾಯ್ದೆರೆದು ಗೊರಕೆ ಹೊಡೆಯುತ್ತಿದ್ದ. ಬಂದವರು ನೋಡಿ ನಕ್ಕು ವಾಪಸು ಹೋದರು. ಆ ವಾರ ಕಳೆಯುವುದರೊಳಗೆ ಕತ್ತಿ ಮತ್ತೆ ಅವನ ಕೈಗೆ ಬಂತು. ಅದರಡಿ ಮೊದಲು ಕುತ್ತಿಗೆ ಒಡ್ಡಿದವನು ನಾನೇ. ಒಂದು ಗೀರೂ ಬೀಳಲಿಲ್ಲ.

ಬೈಕು ದೇಚಾನ ಬಳಿಗೆ ಹೋಯಿತು. ಅವನು ಹಿಂದಿನ ಪೆಟ್ಟಿಗೆಯ ಮುಚ್ಚಳ ತೆಗೆದು ಹಣೆ ಬಡಿದುಕೊಂಡ. "ದೊಡ್ಡಪ್ಪಾ, ಇದು ಪೆಟ್ಟಿಗೆಯಾ, ಅಡುಗೆಮನೆಯಾ?"

"ನೀನು ತೂಕ ಅಂದಾಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ" ಎಂದು ಇನ್‌ಸೋಮ್ ಅಣ್ಣ ಒಪ್ಪಿಕೊಂಡ.

"ನಾನಾದ್ರೂ ಬೆಸೆದುಕೊಡಬಾರ್ದಿತ್ತು" ಎಂದು ದೇಚಾ ಗ್ರೈಂಡರ್ ಹಚ್ಚಿ ಆ ಕಬ್ಬಿಣದ ಪಟ್ಟಿಯನ್ನು ಕತ್ತರಿಸಿ ಎಸೆದ.

ಅಷ್ಟು ಭಾರ ಚಕ್ರದಾಚೆ ತೂಗಿದ್ದರಿಂದ ಮುಂದಿನ ಚಕ್ರ ಹಗುರಾಗಿತ್ತು. ಎತ್ತರದ ಗಾಜು ಗಾಳಿಗೆ ಸಿಕ್ಕಿ ಹ್ಯಾಂಡಲನ್ನು ಅಲ್ಲಾಡಿಸುತ್ತಿತ್ತು. ಈಗ ಚಿಕ್ಕ ಪೆಟ್ಟಿಗೆ ಮುಂದಕ್ಕೆ ಬಂತು. ಅದರಲ್ಲಿ ಮಳೆ ಕೋಟು ಮಾತ್ರ. ಸ್ಪಾನರುಗಳು ಪಕ್ಕದ ಪೆಟ್ಟಿಗೆಗಳ ತಳ ಸೇರಿದವು. ಗಾಜು ಗಿಡ್ಡವಾಯಿತು. ಇಬ್ಬರ ಭಾರಕ್ಕೆ ತಕ್ಕಂತೆ ಹಿಂದಿನ ಸ್ಪ್ರಿಂಗು ಬಿಗಿಯಾಯಿತು. ಒಲೆ, ಅನ್ನದ ಬುಟ್ಟಿ ಮನೆಗೆ ಮರಳಿದವು. "ಈಗ್ಲಾದ್ರೂ ಕೇಳಿ. ಹೊರಗಿನ ಅನ್ನ ಅಂದ್ರೆ ನನಗೆ ಪ್ರಾಣ. ಇಷ್ಟು ವರ್ಷ ನಾನು ಉಂಡಿದ್ದು ಅದನ್ನೇ" ಎಂದಳು ಸೈಖಮ್ ಅಕ್ಕ. ಮೆತ್ತೆ ಇಕ್ಕಟ್ಟಾಯಿತೇ ಎಂದು ಅವನು ಕೇಳಿದ್ದಕ್ಕೆ, "ನಿಮ್ಮ ಬೆನ್ನಿಗೆ ಒರಗಿದ್ರೆ ಆಯ್ತಲ್ಲ" ಎಂದಳು. ಅವನ ಕಿವಿ ಕೆಂಪಾಯಿತು.

ಬೆಟ್ಟದಿಂದಿಳಿಯುವ ಅದೇ ದಾರಿಯಲ್ಲಿ ಅವರು ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ ಓಡಿಸಿ ನೋಡಿದರು. ಹ್ಯಾಂಡಲ್ ಅಲುಗಲಿಲ್ಲ. ಇನ್‌ಸೋಮ್ ಅಣ್ಣ ದಾರಿಬದಿಗೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಕಣಿವೆ ನೋಡಿದನಂತೆ. ಮುಂದಿನ ವಾರ ಬೊಕ್ಲುವಕ್ಕೆ ಹೊರಟೇಬಿಟ್ಟರು.

ಹೊರಟಾಗ ಅವನು ಮುಂದೆ, ಅವಳು ಹಿಂದೆ. ತಿರುಗಿ ಬಂದಾಗ ಅವಳೇ ಮುಂದಿದ್ದಳು. ಅವನು ಹಿಂದೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಅತ್ತಿತ್ತ ನೋಡುತ್ತಿದ್ದ. "ಏನಣ್ಣಾ, ಸೋತುಬಿಟ್ಯಾ?" ಎಂದು ಕೂಗಿದೆ.

"ಇವಳ ತಿರುವು ನೋಡಿದ ಮೇಲೆ ನಾನೇ ಬಿಟ್ಟುಕೊಟ್ಟೆ ಕಣೋ" ಎಂದ. "ಇಬ್ಬರಿಗೂ ಬಿಸಿಯಾಗಿ ನೂಡಲ್ಸ್ ಹಾಕು. ತುಂಬಾ ಹಸಿವು."