ಬಟ್ಟೆಯ ಸದ್ದು ಕೇಳುತ್ತಿದ್ದ ಸಾಬಮ್ಮ

ಸಾಬಮ್ಮ ಆಯಿ ಬಟ್ಟೆಯನ್ನು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ, ಕಿವಿಯಿಂದ ಕೇಳಿ ಒಪ್ಪುತ್ತಿದ್ದಳು. ಹಳೆ ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಹೊದಿಕೆ, ಕೌದಿಗೆಂದು ಯಾರಾದರೂ ಹಳೆ ಸೀರೆ ತಂದುಕೊಟ್ಟರೆ ಬಣ್ಣ ಹೊಗಳುವುದಿಲ್ಲ, ಸೆರಗು ಬಿಚ್ಚಿ ನೋಡುವುದಿಲ್ಲ. ಒಂದು ಕಡೆ ಹಲ್ಲಿನಿಂದ ಕಚ್ಚಿ ಸೀಳು ಮಾಡಿ, ಎರಡೂ ಕೈಯಲ್ಲಿ ಹಿಡಿದು, ಬಲಗಿವಿಯ ಹತ್ತಿರ ತಂದು ಗೇಣುದ್ದ ಹರಿಯುವಳು. ‘ಚರ್ರ್’ ಎಂದು ಖಡಕ್ಕಾಗಿ ಸದ್ದು ಬಂದರೆ ಬಟ್ಟೆ ಎಡಕ್ಕೆ, ಕೌದಿಯ ರಾಶಿಗೆ. ‘ಪಸ್’ ಎಂದರೆ ಬಲಕ್ಕೆ, ನೆಲ ಒರೆಸುವುದಕ್ಕೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. “ಜರಾ ಬಾಯಿ ಮುಚ್ಚವಾ, ಬಟ್ಟಿ ಮಾತಾಡಾಕತ್ತದ,” ಎನ್ನುವಳು.

ಬಟ್ಟೆ ಮಾತಾಡುತ್ತದೆ ಎಂದರೆ ಒಪ್ಪುವವರ ಪೈಕಿ ನಾನಲ್ಲ. ಸುರಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ದೇವಾಪುರದ ಮನೆಗೆ ಹೊತ್ತು ತರುತ್ತಿದ್ದ ಕಾಲ ಅದು. ಯಾರು ಏನು ಹೇಳಿದರೂ ‘ಆಧಾರ ಏನು?’ ಎಂದು ಕೇಳದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ನಮ್ಮ ಗೋಡೆಗೆ ಗೋಡೆ ಹಚ್ಚಿ ಇದ್ದ ಮನೆ ಆಕೆಯದು. ನನಗೆ ಆಕೆ ಇಟ್ಟ ಹೆಸರು ವಕೀಲಬಾಯಿ.

ಒಂದು ಮಧ್ಯಾಹ್ನ ಆಕೆಯನ್ನು ಪರೀಕ್ಷೆಗೇ ಕೂರಿಸಿದೆ. ಅಂಗಳದ ಹಗ್ಗದ ಮೇಲೆ ಚಾದರ ಇಳಿಬಿಟ್ಟು ಅದರ ಹಿಂದೆ ನಾನು ಕುಳಿತು ಐದು ಬಟ್ಟೆ ಒಂದೊಂದಾಗಿ ಹರಿದೆ. ಮೊದಲನೆಯದಕ್ಕೆ, “ಮಗ್ಗದ ಸೀರಿ. ಬಾಳ ಒಗದಾರ, ಆದ್ರ ಇನ್ನ ಜೀವ ಅದ,” ಅಂದಳು. ಸರಿ. ಎರಡನೆಯದಕ್ಕೆ, “ಲುಂಗಿ. ಇದರ ಕಥಿ ಮುಗದದ.” ಅದೂ ಸರಿ. ಮೂರು, ನಾಲ್ಕೂ ಸರಿ. ಐದನೆಯದು ಹಿಟ್ಟಿನ ಚೀಲ. ಅದಕ್ಕೆ ‘ಧೋತ್ರ’ ಅಂದುಬಿಟ್ಟಳು. ನಾನು ಚಾದರ ಸರಿಸಿ, “ತಪ್ಪು!” ಎಂದು ಕುಣಿದೆ.

ಆಕೆ ನಕ್ಕಳು. “ನಾಕು ಬರಾಬರ್ ಹೇಳಿದ್ದು ನಿನಗ ಕೇಳಸ್ಲಿಲ್ಲ, ಒಂದು ತಪ್ಪಿದ್ದು ಕೇಳಸ್ತು. ನಿನ್ನ ಕಿವಿನೂ ಆರಸ್ಕೊಂಡ ಕೇಳತದ ನೋಡು, ವಕೀಲಬಾಯಿ.”

ಉದ್ದನೆಯ ಹೆಂಗಸು, ಬಾಗಿಲು ದಾಟುವಾಗಲೆಲ್ಲ ತಲೆ ತಗ್ಗಿಸಬೇಕಿತ್ತು. ಅದನ್ನೇ ನೆಪ ಮಾಡಿ, “ನಾ ಯಾರಿಗೂ ಬಗ್ಗಿದಾಕಿ ಅಲ್ಲ, ಬಾಗಲಕ್ಕ ಅಷ್ಟ,” ಎನ್ನುವಳು. ಗಂಡ ತೀರಿದ ಮೇಲೆ ಮಗಳನ್ನು ಶಹಾಪುರದ ಕಡೆ ಕೊಟ್ಟು, ಒಬ್ಬಳೇ ಇದ್ದು, ಊರಿಗೆಲ್ಲ ಕೌದಿ ಹೊಲಿದುಕೊಟ್ಟವಳು. ಕಾಲುವೆಗೆ ನೀರು ಬಂದು ನಮ್ಮ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದದ್ದನ್ನು ಬೇರೆಯವರು ಬೆಳೆಯ ಲೆಕ್ಕದಲ್ಲಿ ಹೇಳುತ್ತಾರೆ. ಆಕೆ ಸೀರೆಯ ಲೆಕ್ಕದಲ್ಲಿ ಹೇಳುತ್ತಿದ್ದಳು. “ಮದ್ಲ ಸೀರಿ ಹೆಗಲಿನ ಮ್ಯಾಲ ಸವೀತಿತ್ತು, ಬುಟ್ಟಿ ಹೊತ್ತು ಹೊತ್ತು. ಈಗ ದಿನಾ ಪೂರಾ ಕೆಸರಾಗ ನಿಂತು ನಾಟಿ ಹಚ್ಚತೀರಿ. ಕಾಲವಿ ಬಂದ ಮ್ಯಾಲ ಸೀರಿ ಕೆಳಗಿಂದ ಸಾಯಾಕತ್ತಾವ.” ಮೇಲೆ ಹೊಸದರಂತೆ ಹೊಳೆಯುವ ಸೀರೆ ಮೊಣಕಾಲಿನ ಕೆಳಗೆ ಕೊಳೆತಿರುತ್ತದೆ, ನೋಡಿದರೆ ಗೊತ್ತಾಗುವುದಿಲ್ಲ ಎಂಬುದು ಆಕೆಯ ವಾದ. ನಾನು ಅದನ್ನೂ ನಂಬಿರಲಿಲ್ಲ.

ನಮ್ಮ ಓಣಿಯ ಏಳು ಹೆಂಗಸರ ಸಂಘ ಕೌದಿ ಹೊಲಿದು ಸುರಪುರದ ಅಂಗಡಿಗೆ ಕೊಡಲು ಶುರುಮಾಡಿದಾಗ ಬಟ್ಟೆ ಆರಿಸಿ ತುಂಡು ಮಾಡುವ ಕೆಲಸ ಸಾಬಮ್ಮನದಾಯಿತು. ಉಳಿದವರು ಹೊಲಿಯುವವರು. ನಾಟಿ ಮುಗಿದು ಕಳೆ ಕೀಳುವ ಕೆಲಸ ಬರುವ ತನಕ ಸಿಗುವ ಬಿಡುವಿನಲ್ಲಿ ಅಧ್ಯಕ್ಷೆ ನಾಗಮ್ಮನ ಪಡಸಾಲೆಯಲ್ಲಿ ಚಾಪೆ ಬೀಳುತ್ತಿತ್ತು. ಚಾಪೆಯ ಬಾಗಿಲ ಕಡೆಯ ಮೂಲೆ ಸಾಬಮ್ಮನದು. ಬಟ್ಟೆಯ ಗಂಟು ಮೊದಲು ಅಲ್ಲಿಗೇ ಬರಬೇಕು.

ಎರಡನೆಯ ವರ್ಷಕ್ಕೆ ಆಕೆಯ ಹೆಬ್ಬೆರಳುಗಳ ಗಂಟು ಊದಿಕೊಂಡವು. ಹರಿಯಲು ಹಿಡಿತ ಸಿಗದು, ಕತ್ತರಿಯ ಕಿವಿಯೊಳಗೆ ಬೆರಳು ಹೋಗದು. ಡಾಕ್ಟರು ಎಣ್ಣೆ ಕೊಟ್ಟರು, ಗುಳಿಗೆ ಕೊಟ್ಟರು, ಕೊನೆಗೆ, “ಕೆಲಸ ಬಿಡಮ್ಮಾ,” ಎಂಬ ಸಲಹೆ ಕೊಟ್ಟರು. ಅದೇ ಸಮಯಕ್ಕೆ ಸಂಘಕ್ಕೆ ಬಟ್ಟೆ ಕತ್ತರಿಸುವ ಯಂತ್ರ ಕೊಳ್ಳಲು ಸಹಾಯ ಮಂಜೂರಾಯಿತು. ಯಾವ ಯಂತ್ರ ಎಂದು ನೋಡಿಬರಲು ನಾಗಮ್ಮ, ಸಾಬಮ್ಮ, ಓದಿದವಳೆಂದು ನಾನು, ಮೂವರೂ ಶಹಾಪುರದ ಬಸ್ಸು ಹತ್ತಿದೆವು.

ಅಂಗಡಿಯವ ಎರಡು ಯಂತ್ರ ಮುಂದಿಟ್ಟ. ಎರಡರ ಕೆಲಸವೂ ಒಂದೇ. ಹಲಗೆಯೊಂದರಲ್ಲಿ ಚೌಕಾಕಾರದ ಅಲಗು ಹೂತಿರುತ್ತದೆ, ಅದು ಅಚ್ಚು. ಅಚ್ಚಿನ ಮೇಲೆ ಬಟ್ಟೆಯನ್ನು ಪದರು ಪದರಾಗಿ ಹಾಸಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಎರಡು ಉರುಳೆಗಳ ನಡುವೆ ತೂರಿಸಿದರೆ ಆ ಕಡೆಯಿಂದ ಚೌಕದ ತುಂಡುಗಳು ಬರುತ್ತವೆ. ಒಂದನ್ನು ಕೈಹಿಡಿಕೆ ತಿರುಗಿಸಿ ನಡೆಸಬೇಕು. ಇನ್ನೊಂದಕ್ಕೆ ಕರೆಂಟು, ಗುಂಡಿ ಒತ್ತಿದರೆ ಸಾಕು.

“ಕಬ್ಬಿನ ಗಾಣದ ಮರಿ ಇದು,” ಅಂದಳು ಸಾಬಮ್ಮ, ಕೈ ಯಂತ್ರದ ಬೆನ್ನು ಸವರಿ.

ಅಂಗಡಿಯವ ಗಂಜಿ ಹಾಕಿದ ಹೊಸ ಬಟ್ಟೆಯ ಆರು ಪದರು ಹಾಸಿ ಕರೆಂಟಿನ ಯಂತ್ರದ ಗುಂಡಿ ಒತ್ತಿದ. ಚಣದಲ್ಲಿ ಆರು ಚೌಕ, ಇಸ್ಪೀಟು ಎಲೆಗಳಂತೆ. ನಾಗಮ್ಮ ಬಾಯಿ ತೆರೆದಳು. ನಾನು ಮನಸ್ಸಿನಲ್ಲೇ ಭಾಷಣ ಬರೆಯತೊಡಗಿದೆ. ಸಾಬಮ್ಮ ಮಾತ್ರ ತನ್ನ ಚೀಲದಿಂದ ಒಂದು ಸವೆದ ಧೋತ್ರ, ಒಂದು ಪಾಲಿಸ್ಟರ್ ಸೀರೆಯ ತುಂಡು ತೆಗೆದಳು.

“ಇವನ್ನ ಕತ್ತರಸ್ರಿ ನೋಡೂಣು.”

“ಅಮ್ಮಾ, ಇದು ಹೊಸಾ ಬಟ್ಟಿಗಿ ಮಾಡಿದ ಮಷೀನ್ ಅದರಿ.”

“ಹೊಸಾ ಬಟ್ಟಿಲೆ ಕೌದಿ ಯಾರು ಹೊಲೀತಾರಪ್ಪಾ? ನಿಮ್ಮ ಮನ್ಯಾಗ ಹೊಲೀತಾರೇನು?”

ಅವನು ಒಲ್ಲದ ಮನಸ್ಸಿನಿಂದ ಹಾಕಿದ. ಪಾಲಿಸ್ಟರನ್ನು ಯಂತ್ರ ನೆಟ್ಟಗೆ ಕತ್ತರಿಸಿತು. ಜನ್ಮದಲ್ಲಿ ಕೈಯಿಂದ ಹರಿಯಲಾಗದ ಬಟ್ಟೆ ಅದು, ಸಾಬಮ್ಮ, “ಶಾಬಾಸ್!” ಎಂದು ಯಂತ್ರದ ನೆತ್ತಿ ತಟ್ಟಿದಳು. ಧೋತ್ರ ಮಾತ್ರ ಉರುಳೆಯ ಬಾಯಲ್ಲಿ ಮುದುಡಿಕೊಂಡಿತು; ಗುಂಡಿ ಬಿಡುವಷ್ಟರಲ್ಲಿ ಚೌಕ ಸೊಟ್ಟಗಾಗಿತ್ತು. ಅದನ್ನೇ ಕೈ ಯಂತ್ರಕ್ಕೆ ಕೊಟ್ಟು ತಾನೇ ತಿರುಗಿಸಿದಳು. ಮುದುಡಿದ್ದು ತಿಳಿದ ಕೂಡಲೇ ಅರ್ಧ ಸುತ್ತು ಹಿಂದಕ್ಕೆ, ಬಟ್ಟೆ ಸವರಿ ಮತ್ತೆ ಮುಂದಕ್ಕೆ. ಹಿಡಿಕೆಯನ್ನು ಬೆರಳಿನಿಂದ ಹಿಡಿದಿರಲಿಲ್ಲ, ಅಂಗೈಯ ಬುಡದಿಂದ ದೂಡುತ್ತಿದ್ದಳು. ಮೂರು ಸಲ, ನಾಲ್ಕು ಸಲ. ಬೇಕಾಗಿದ್ದಕ್ಕಿಂತ ಹೆಚ್ಚೇ ತಿರುಗಿಸಿದಳು. ಮುಖ ಅರಳಿತ್ತು. “ಇದ ಇರಲೆವಾ, ನಾಗಮ್ಮಾ,” ಅಂದಳು. ಅದನ್ನು ನಾನು ನೋಡಿದೆ. ನೋಡಿದೆ ಅಷ್ಟೇ.

ಮರುದಿನ ಚಾಪೆಯ ಮೇಲೆ ಸಭೆ. ನಾನು ಎದ್ದು ನಿಂತು ಮೂರು ಅಂಶ ಮಂಡಿಸಿದೆ. ಒಂದು, ಒಂದು ದಿನದ ಕೆಲಸ ಒಂದು ತಾಸಿನಲ್ಲಿ ಮುಗಿಯುತ್ತದೆ. ಎರಡು, ತುಂಡುಗಳೆಲ್ಲ ಒಂದೇ ಅಳತೆಗೆ ಬಂದರೆ ಪೇಟೆಯವರು ಮೆಚ್ಚುತ್ತಾರೆ. ಮೂರನೆಯದು ಎದುರಾಳಿಯನ್ನು ಕೆಡವುವ ಅಂಶ. ಸ್ಪರ್ಧೆಗಳಲ್ಲಿ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ನನ್ನ ರೂಢಿ. “ಕೈ ಯಂತ್ರನ ಸಾಕು ಅನ್ನೋರು ಸಂಘದ ಬಗ್ಗಿ ವಿಚಾರ ಮಾಡಾಕತ್ತಿಲ್ಲ, ತಮ್ಮ ಜಾಗಾದ ಬಗ್ಗಿ ವಿಚಾರ ಮಾಡಾಕತ್ತಾರ,” ಅಂದೆ. ಯಾರ ಹೆಸರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಕೈ ಯಂತ್ರ ಕೇಳಿದವಳು ಒಬ್ಬಳೇ.

ಎಲ್ಲರೂ ಕರೆಂಟಿನದಕ್ಕೆ ಕೈ ಎತ್ತಿದರು. ಸಾಬಮ್ಮನೂ ಎತ್ತಿದಳು. “ಹುಡುಗಿ ಛಂದ ಮಾತಾಡ್ತಾಳ,” ಎಂದು ನಕ್ಕಳು. ಗೆದ್ದೆ ಎಂದುಕೊಂಡೆ.

ಯಂತ್ರ ಬಂತು. ಕರೆಂಟು ಇರುವ ಹೊತ್ತಿಗೆ ಮುದುಡದಿರಲೆಂದು ಗಂಜಿ ಹಾಕಿದ ಹಳೆ ಬಟ್ಟೆ ಗಂಟುಗಟ್ಟಲೆ ಅದರ ಬಾಯಿಗೆ ಬಿತ್ತು. ಗುಂಡಿ ಒತ್ತುವವಳು ನಾಗಮ್ಮನ ಸೊಸೆ. ಸಾಬಮ್ಮನಿಗೆ ಸೂಜಿಗೆ ದಾರ ಪೋಣಿಸುವ ಕೆಲಸ ಕೊಟ್ಟರು. ಆ ಬೆರಳುಗಳಿಗೆ ಅದೂ ಆಗದು. ಎರಡು ದಿನ ಹೊಸ್ತಿಲ ಹತ್ತಿರ ಕೂತು, ಚಹಾ ಕುಡಿದು, ಎದ್ದು ಹೋದಳು. ಮೂರನೆಯ ದಿನ ಬರಲಿಲ್ಲ. “ಆಯಿ ಯಾಕ ಬಂದಿಲ್ಲ?” ಎಂದು ಕೇಳುವಷ್ಟು ಬಿಡುವು ನನಗಿರಲಿಲ್ಲ; ಚೌಕಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತಿದ್ದೆ.

ನಮ್ಮಲ್ಲಿ ಹೊಸ ಕೌದಿಯನ್ನು ನೀರು ಕಾಣಿಸದೆ ಯಾರಿಗೂ ಕೊಡುವುದಿಲ್ಲ. ಮೊದಲ ನೀರು ಹೊಲಿದವರೇ ಕಾಣಿಸಬೇಕು. ಆರು ಕೌದಿ ಹೊತ್ತು ಕಾಲುವೆಯ ಮೆಟ್ಟಿಲಿಗೆ ಹೋದೆವು. ನೀರುಂಡ ಕೌದಿ ಎಮ್ಮೆಕರುವಿನಷ್ಟು ಭಾರ. ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದು ಹುರಿಹಾಕಿ ಹಿಂಡಬೇಕು. ನಾಗಮ್ಮ ಆ ಕಡೆ, ನಾನು ಈ ಕಡೆ. ಎರಡು ಸುತ್ತು ಹುರಿ ಬಿದ್ದಿತ್ತೋ ಇಲ್ಲವೋ, ಕೌದಿಯ ನಡುವಿನಿಂದ ‘ಪಸ್’ ಎಂದಿತು. ಬಿಚ್ಚಿ ನೋಡಿದರೆ ಹೊಲಿಗೆ ಹೊಲಿದಂತೆಯೇ ಇದೆ, ಚೌಕಗಳೇ ನಡುಮಧ್ಯೆ ಬಾಯಿಬಿಟ್ಟಿವೆ. ಎರಡನೆಯದೂ ಹಾಗೆ. ಐದನೆಯದಕ್ಕೆ ನಾಗಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. “ಎಲ್ಲಾ ಹಾಳಾತಲ್ಲವಾ, ಅಂಗಡ್ಯಾವಗ ಏನ್ ಮಾರಿ ತೋರಸ್ಲಿ?”

ಯಾರು ಸುದ್ದಿ ಮುಟ್ಟಿಸಿದರೋ, ಸಾಬಮ್ಮ ಬಂದಳು. ಒಡೆದ ಚೌಕಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಸೀರೆಯ ಕೆಳಗಿನ ಭಾಗದವು, ಗದ್ದೆಯ ಕೆಸರು ತಿಂದವು. “ಯಂತ್ರಕ್ಕ ಬೈಬ್ಯಾಡ್ರಿ,” ಅಂದಳು. “ಅದು ಸತ್ತ ಬಟ್ಟಿನೂ ಅಷ್ಟ ನೀಟ ಕತ್ತರಸ್ತದ, ಜೀವ ಇದ್ದದ್ದನ್ನೂ ಅಷ್ಟ ನೀಟ. ಕೈಲೆ ಹರಿಯಾಗ ಕೊಳತದ್ದು ತಾನ ಹೇಳತಿತ್ತು. ಈಗ ಕೇಳೋರು ಯಾರಿಲ್ಲ.”

ಆಕೆ ಹರಿಯುತ್ತಿದ್ದದ್ದು ತುಂಡು ಮಾಡುವುದಕ್ಕಷ್ಟೇ ಅಲ್ಲ ಎಂದು ಆಗ ನನಗೆ ಹೊಳೆಯಿತು. ಅದೇ ಪರೀಕ್ಷೆ. ಪರೀಕ್ಷೆಯನ್ನು ತೆಗೆದುಹಾಕಿ ವೇಗ ತಂದಿದ್ದೆ. ಆದರೂ ನಾಲಿಗೆ ಸುಮ್ಮನಿರಬೇಕಲ್ಲ. “ಮತ್ತ ಅವತ್ತ ಯಾಕ ಹೇಳಲಿಲ್ಲ ಆಯಿ? ನೀನೂ ಕೈ ಎತ್ತಿದಿ!”

ಆಕೆ ಒದ್ದೆ ಕೌದಿಯ ಮೂಲೆ ಬಿಡಿಸುತ್ತ ತಣ್ಣಗೆ ಹೇಳಿದಳು: “ನನ್ನ ಕೈ ಹೋಗ್ಯಾವವಾ. ಅಂಗೈಲೆ ತಿರುಗಸೂದು ಅಂದ್ರ ನನ್ನಿಂದ ಆಗತಿತ್ತು, ಅದಕ್ಕ ಅದನ್ನ ಬೇಡಿದೆ. ನೀ ಅಂದದ್ದು ಖರೇನ ಅದ, ನಾ ನನ್ನ ಜಾಗಾದ ಬಗ್ಗಿನ ವಿಚಾರ ಮಾಡಿದ್ದೆ. ಆ ಮಾತು ಎಲ್ಲಾರ ಮುಂದ ನೀ ಅಂದ ಮ್ಯಾಲ, ನಾ ಬಟ್ಟಿ ಬಗ್ಗಿ ಏನ್ ಹೇಳಿದ್ರೂ ಯಾರ ಕಿವಿಗಿ ಹೋಗತಿತ್ತು?”

ಮಾತಿಗೆ ಮಾತು ಕೊಟ್ಟೇ ಬೆಳೆದವಳು ನಾನು. ಅವತ್ತು ಇಷ್ಟು ಮಾತ್ರ ಹೇಳಿದೆ: “ತಪ್ಪಾತು ಆಯಿ.”

“ಆತು ಬಿಡು. ಮದ್ಲ ಈ ಕಡೆ ಹಿಡಿ, ಹಿಂಡೂಣು.”

ಕರೆಂಟಿನ ಯಂತ್ರವನ್ನು ಶಹಾಪುರಕ್ಕೆ ವಾಪಸು ಒಯ್ದೆವು. ಅಂಗಡಿಯವ ಗೊಣಗಿದ, ಸಾಬಮ್ಮ ಅವನ ತಾಯಿಯ ಊರು ವಿಚಾರಿಸಿದಳು, ಅದು ಸಗರ ಎಂದು ತಿಳಿದು ಯಾವುದೋ ದೂರದ ನೆಂಟಸ್ತಿಕೆ ತೆಗೆದಳು. ಕೈ ಯಂತ್ರ ಬಂತು. ಸಾಬಮ್ಮ ತನ್ನ ಮೂಲೆಗೆ ಮರಳಿದಳು. ಹಿಡಿಕೆಗೆ ಅಂಗೈ ಆಕೆಯದು. ಹರಿಯಲು ಮಾತ್ರ ಕೈ ನನ್ನದು. ಪ್ರತಿ ಸೀರೆಯನ್ನೂ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಆಕೆಯ ಕಿವಿಯ ಹತ್ತಿರ ಗೇಣುದ್ದ ಹರಿಯುತ್ತಿದ್ದೆ. “ಹಾಕು,” ಎನ್ನುವಳು, ಇಲ್ಲವೇ, “ಬ್ಯಾಡ.” ಮೊದಲ ವರ್ಷ ನಾನು ಪ್ರತಿಯೊಂದಕ್ಕೂ ‘ಯಾಕ?’ ಎಂದು ಕೇಳುತ್ತಿದ್ದೆ. ಆಕೆ ಬೇಸರವಿಲ್ಲದೆ ಹೇಳುತ್ತಿದ್ದಳು. ಬಿಸಿಲಿಗೆ ಸತ್ತ ಬಟ್ಟೆ ಒಣ ಎಲೆಯ ಹಾಗೆ, ಕೆಸರಿಗೆ ಸತ್ತದ್ದು ಒದ್ದೆ ಕಾಗದದ ಹಾಗೆ, ಸೋಡಾ ಪುಡಿಗೆ ಸತ್ತದ್ದಕ್ಕೆ ಸದ್ದೇ ಇರುವುದಿಲ್ಲ. ಒಂದಿಷ್ಟು ದಿನದ ಮೇಲೆ ಆಕೆ ಏನೂ ಹೇಳದೆ ನನ್ನ ಮುಖ ನೋಡಲು ಶುರುಮಾಡಿದಳು. ನಾನು, “ಬ್ಯಾಡ?” ಎಂದರೆ, “ನನಗ್ಯಾಕ ಕೇಳತಿ?” ಎಂದು ತಾನೇ ಬಟ್ಟೆಯನ್ನು ಬಲಕ್ಕೆ ಸರಿಸುವಳು.

ಕಡೆಯ ಸಲ ಕಂಡದ್ದು ಆಕೆಯ ಮಗಳ ಮನೆಯಲ್ಲಿ, ಶಹಾಪುರದಲ್ಲಿ. ನಾನು ಆಗ ಯಾದಗಿರಿಯಲ್ಲಿ ಶಿಕ್ಷಕರ ತರಬೇತಿಗೆ ಸೇರಿದ್ದೆ. ಆಕೆಗೆ ಊಟ ಸೇರುತ್ತಿರಲಿಲ್ಲ, ಗೋಡೆಗೆ ಒರಗಿ ಕೂತಿದ್ದಳು. “ಈಗ ಯಾರ ಸಂಗಾಟ ಜಗಳಾಡತಿ?” ಎಂದು ಕೇಳಿದಳು. “ಮಾಸ್ತರರ ಸಂಗಾಟ,” ಅಂದೆ. “ಛಲೋ ಆತು. ಆದ್ರ ಸೋತವರಿಗಿ ಚಹಾ ಕುಡಸು,” ಅಂದಳು. ಹದಿನೈದು ದಿನಕ್ಕೆ ಹೋಗಿಬಿಟ್ಟಳು.

ತಿಂಗಳ ಮೇಲೆ ಮಗಳು ಸಾಬಮ್ಮನ ಸೀರೆಗಳ ಗಂಟು ಸಂಘಕ್ಕೆ ತಂದುಕೊಟ್ಟಳು. ಅಂದು ಭಾನುವಾರ, ನಾನೂ ಊರಲ್ಲಿದ್ದೆ. ಮೇಲಿದ್ದದ್ದು ಆಕೆ ದಿನಾ ಉಡುತ್ತಿದ್ದ ಕುಂಕುಮ ಬಣ್ಣದ ಸೀರೆ. ಅದನ್ನು ನೋಡಿದ್ದೇ ನಾಗಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಎಲ್ಲರೂ ಒಂದೊಂದು ಕೌದಿಯ ನಡುವೆ ಅದರದೊಂದು ಚೌಕ ಇಡೋಣ ಎಂದರು. ನಾನು ಕೆಳಗಡೆ ಹಿಡಿದು ಹರಿದೆ, ಮೇಲೆ ಹಿಡಿದು ಹರಿದೆ, ಸೆರಗಿನ ಹತ್ತಿರವೂ ಹರಿದೆ. ಮೂರೂ ಕಡೆ ‘ಪಸ್’ ಎಂದಿತು.

“ಬ್ಯಾಡ,” ಅಂದೆ.

“ಎದಿ ಅದನೋ, ಕಲ್ಲದನೋ ನಿನಗ?” ನಾಗಮ್ಮನ ದನಿ ಒಡೆಯಿತು. “ಒಂದ ಚೌಕ ಕೇಳಾಕತ್ತೇನಿ. ಸಾಬವ್ವಂದು.”

ಕಾರಣಗಳು ಇದ್ದವು. ಮೂರಲ್ಲ, ಹತ್ತು ಕೊಡಬಲ್ಲೆ. ಕೊಡಲಿಲ್ಲ. ಸೀರೆಯನ್ನು ಮಡಚಿ ನನ್ನ ಬಲಗಡೆ ಇಟ್ಟೆ.

ನಾಗಮ್ಮ ಕಣ್ಣು ಒರೆಸಿಕೊಂಡಳು. ಆಮೇಲೆ ಗಂಟಿನೊಳಗೆ ಕೈ ಹಾಕಿ, ಎರಡನೆಯ ಸೀರೆ ಎಳೆದು ನನ್ನ ಕೈಗೆ ಕೊಟ್ಟು, ಹರಿಯುವುದನ್ನು ಕೇಳಲು ಹತ್ತಿರ ಸರಿದಳು.