ಇಸ್ತ್ರಿಯಕ್ಕ ಹಡಗು ಹತ್ತಿದ ದಿನ

ಔಷಧದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಎರಡು ಮಾರು ಅಗಲದ ಒಂದು ಇಸ್ತ್ರಿ ಅಂಗಡಿ. ಅದರ ಒಡತಿಯನ್ನು ಬೀದಿಯವರೆಲ್ಲ ಇಸ್ತ್ರಿಯಕ್ಕ ಎನ್ನುತ್ತಾರೆ. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ಕೈಗೆ ಇಸ್ತ್ರಿಪೆಟ್ಟಿಗೆ ಕೊಟ್ಟು, "ಮೊದಲು ಕಾಲರು, ಆಮೇಲೆ ತೋಳು, ಬೆನ್ನು ಕೊನೆಗೆ. ಗಂಡಸರ ಕೋಪಾನೂ ಹಾಗೇ ಕಣೇ, ಕುತ್ತಿಗೆಯಿಂದ ಶುರು ಮಾಡಬೇಕು" ಎಂದಿದ್ದಳು. ಅಂದಿನಿಂದ ಮೂವತ್ತೆಂಟು ವರ್ಷ ಅವಳು ಊರವರ ಸುಕ್ಕು ಬಿಡಿಸಿದ್ದಾಳೆ.

ಸುಕ್ಕು ಕಂಡರೆ ಅವಳಿಗೆ ಕಣ್ಣಿಗೆ ಕಸ ಬಿದ್ದ ಹಾಗೆ. ನೆಂಟರ ಮನೆಗೆ ಹೋಗಲಿ, ಮಗಳ ಹೆರಿಗೆಗೆಂದು ಆಸ್ಪತ್ರೆಗೆ ಹೋಗಲಿ, ಚೀಲದಲ್ಲೊಂದು ಪುಟ್ಟ ಇಸ್ತ್ರಿಪೆಟ್ಟಿಗೆ ಇರಲೇಬೇಕು. "ನೀನು ಸ್ವರ್ಗಕ್ಕೆ ಹೋದರೂ ಬಾಗಿಲಲ್ಲೇ ನಿಂತು ದೇವರ ಅಂಗಿ ಕಳಿಸ್ರೀ ಅಂತೀಯ" ಎಂದು ಗಂಡ ಛೇಡಿಸುತ್ತಾನೆ.

ಗಂಡ ಬಸ್ಸು ಓಡಿಸುತ್ತಿದ್ದವನು. ನಲವತ್ತೇಳನೆಯ ವಯಸ್ಸಿಗೆ ಮೂರ್ಛೆ ರೋಗ ಕಾಣಿಸಿಕೊಂಡು ಸ್ಟಿಯರಿಂಗ್ ಬಿಡಬೇಕಾಯಿತು. ಈಗ ಇಸ್ತ್ರಿಯಾದ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಮುಟ್ಟಿಸುತ್ತಾನೆ. ಬೆಳಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಹಳದಿ ಮಾತ್ರೆ. ಅದು ತಪ್ಪದಿದ್ದರೆ ಅವನು ಗುಂಡುಕಲ್ಲಿನ ಹಾಗೆ. ತಪ್ಪಿದ್ದು ಒಂದೇ ಸಲ, ಮೂರು ವರ್ಷದ ಹಿಂದೆ ಒಂದು ಮದುವೆಮನೆಯಲ್ಲಿ. ಊಟದ ಸಾಲಿನಲ್ಲೇ ಬಿದ್ದು, ನಾಲಗೆ ಕಚ್ಚಿಕೊಂಡು, ಹಣೆಗೆ ಎಂಟು ಹೊಲಿಗೆ ಬಿದ್ದಿತ್ತು.

ಇಂಥ ಇಬ್ಬರಿಗೆ ಮಗಳು ಐದು ದಿನದ ಹಡಗು ಪ್ರಯಾಣದ ಟಿಕೆಟ್ ಮಾಡಿಸಿದಳು. "ಇಬ್ಬರೂ ಒಂದು ದಿನವೂ ಅಂಗಡಿ ಮುಚ್ಚಿದವರಲ್ಲ. ಹೋಗಿ ಬನ್ನಿ, ಬಾಯಿ ಮುಚ್ಚಿಕೊಂಡು" ಎಂದಳು. ಹಡಗು ಎಂದರೆ ಸಾಮಾನು ಸಾಗಿಸುವುದು ಎಂದುಕೊಂಡಿದ್ದ ಇಸ್ತ್ರಿಯಕ್ಕ ಸೀದಾ ಹಿಂದಿನ ಬೀದಿಯ ಹಡಗಣ್ಣನ ಹತ್ತಿರ ಹೋದಳು. ಅವನು ಇಪ್ಪತ್ತು ವರ್ಷ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ದುಡಿದು ಬಂದವನು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು.

"ಹೆದರಬೇಡ ಅಕ್ಕ, ಅದು ನೀರಿನ ಮೇಲಿನ ಊರು ಅಷ್ಟೇ" ಎಂದು ಅವನು ಕಾಲು ಚಾಚಿ ಕೂತ. "ಹಡಗು ಹೊರಡೋ ದಿನವೇ ಬಂದರಿಗೆ ಹೋಗಬೇಡ. ರೈಲು ತಡವಾದ್ರೆ ಹಡಗು ನಿನಗೋಸ್ಕರ ಕಾಯಲ್ಲ, ಅದೇನು ಭಾವನ ಬಸ್ಸಲ್ಲ. ಹಿಂದಿನ ದಿನವೇ ಹೋಗಿ ಮಲಗಿಬಿಡು. ಕೋಣೆ ಕೇಳೋವಾಗ ಹಡಗಿನ ನಟ್ಟನಡುವೆ, ಕೆಳಗಿನ ಅಂತಸ್ತಲ್ಲಿ ಕೇಳು. ತೊಟ್ಟಿಲು ತೂಗಿದ್ರೆ ನಡು ಕಡಿಮೆ ಅಲ್ಲಾಡತ್ತೆ ನೋಡು, ಹಾಗೆ."

"ತಲೆ ತಿರುಗಿದ್ರೆ?"

"ಕೋಣೇಲಿ ಮಲಗಬೇಡ. ಮೇಲೆ ಬಂದು ಆಕಾಶ ನೀರು ಸೇರೋ ಗೆರೆ ನೋಡ್ತಾ ನಿಲ್ಲು. ಹೊಟ್ಟೆ ಖಾಲಿ ಬಿಡಬೇಡ, ಪುಕ್ಕಟೆ ಅಂತ ಗಂಟಲವರೆಗೂ ತುಂಬಲೂಬೇಡ. ಮೊದಲ ದಿನ ಎಲ್ಲರೂ ಅದೇ ಮಾಡೋದು! ದಡಕ್ಕಿಳಿದ್ರೆ ಹಡಗಿನ ಗಡಿಯಾರ ನೋಡ್ಕೊಂಡು ಒಂದು ಗಂಟೆ ಮುಂಚೆ ವಾಪಸ್ ಬಾ. ಇನ್ನೊಂದು ಮಾತು, ಇದನ್ನ ಸೆರಗಲ್ಲಿ ಗಂಟು ಹಾಕ್ಕೋ. ದೊಡ್ಡ ಸೂಟ್‌ಕೇಸನ್ನ ದಡದಲ್ಲೇ ತಗೋತಾರೆ, ಅದು ಕೋಣೆಗೆ ಬರೋದು ಸಂಜೆಗೆ. ಮಾತ್ರೆ, ಕನ್ನಡಕ, ಕಾಗದಪತ್ರ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ."

ಇಸ್ತ್ರಿಯಕ್ಕ ಬರೆದುಕೊಳ್ಳುವವಳಲ್ಲ. ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಿಸಿ, ಮನೆಗೆ ಬಂದು ಗಂಡನ ಮುಂದೆ ಬಿಡಿಸಿದಳು. ಎಲ್ಲವನ್ನೂ ಹಾಗೆಯೇ ನಡೆಸಿದಳು. ಹಿಂದಿನ ದಿನವೇ ಹೋಗಿ ಬಂದರಿನ ಹತ್ತಿರದ ಕೋಣೆಯಲ್ಲಿ ಉಳಿದರು. ಗಂಡನೇ ಕೈಯಾರೆ ಮಾತ್ರೆಯ ಡಬ್ಬಿಯನ್ನು, ಅದರೊಳಗೆ ಡಾಕ್ಟರ ಚೀಟಿಯನ್ನು ಮಡಿಸಿ, ಕೈಚೀಲಕ್ಕೆ ಹಾಕಿದ.

ಎಡವಟ್ಟಾದದ್ದು ಬೆಳಗ್ಗೆ. ಅವನು ಮಾತ್ರೆ ನುಂಗಿ ಸ್ನಾನಕ್ಕೆ ಹೋದಾಗ ಅವಳು ಕೈಚೀಲ ನೋಡಿದಳು. ಡಬ್ಬಿಯ ಮೂಲೆ ಅವನ ಬಿಳಿ ಅಂಗಿಯ ಎದೆಗೆ ಒತ್ತಿ ಗೀರು ಬೀಳಿಸಿತ್ತು. ಅಂಗಿ ತೆಗೆದು ತೀಡಿ, ಮತ್ತೆ ಇಟ್ಟು, ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಸ್ತ್ರಿಪೆಟ್ಟಿಗೆಯ ಪಕ್ಕಕ್ಕೆ ತೂರಿಸಿದಳು. ಹೊರಡುವಾಗ ತೆಗೆದರಾಯಿತು ಎಂದುಕೊಂಡಳು. ಹೊರಡುವ ಗಡಿಬಿಡಿಯಲ್ಲಿ ಬೀಗ ಹಾಕಿದವಳೂ ಅವಳೇ, ದಡದಲ್ಲಿ ಸೂಟ್‌ಕೇಸಿಗೆ ಚೀಟಿ ಕಟ್ಟಿಸಿಕೊಂಡು ಕೊಟ್ಟವಳೂ ಅವಳೇ.

ನೆನಪಾದದ್ದು ಹಡಗಿನೊಳಗೆ, ಮಧ್ಯಾಹ್ನದ ಊಟವಾದ ಮೇಲೆ. ಡಬ್ಬಿ ಸೂಟ್‌ಕೇಸಿನಲ್ಲೇ ಉಳಿದಿತ್ತು. ಆದರೂ, ಸಂಜೆಗೆ ಬರುತ್ತದೆಯಲ್ಲ, ಏಳು ಗಂಟೆಗೆ ಇನ್ನೂ ಹೊತ್ತಿದೆ ಎಂದು ಸಮಾಧಾನ ಮಾಡಿಕೊಂಡಳು. ಗಂಡನಿಗೆ ಹೇಳಲಿಲ್ಲ. ಅವನು ಮೇಲಿನ ಅಂತಸ್ತಿನ ಕಟಕಟೆ ಹಿಡಿದು, ಹಡಗು ದಡ ಬಿಡುವುದನ್ನು ಮಗುವಿನಂತೆ ನೋಡುತ್ತಿದ್ದ. "ಲೇ, ಇಷ್ಟು ದೊಡ್ಡದನ್ನ ಹಿಂದಕ್ಕೆ ತಗೊಂಡನಲ್ಲೇ! ಕನ್ನಡಿ ಎಲ್ಲಿಟ್ಟಿದಾನೋ!" ಹದಿನಾಲ್ಕು ವರ್ಷದಿಂದ ಸ್ಟಿಯರಿಂಗ್ ಮುಟ್ಟದವನ ಮುಖದಲ್ಲಿ ಆ ಬೆಳಕು ನೋಡಿದ ಮೇಲೆ ಹೇಳಲು ಅವಳಿಗೆ ಮನಸ್ಸೇ ಬರಲಿಲ್ಲ.

ಐದೂವರೆಗೆ ಅವರ ಕೋಣೆಯ ಸಾಲಿನ ಬಾಗಿಲುಗಳ ಮುಂದೆಲ್ಲ ಸೂಟ್‌ಕೇಸುಗಳು ಬಂದು ಕೂತವು. ಅವರ ಬಾಗಿಲ ಮುಂದೆ ಬರಿಯ ನೆಲ. ಆರಾಯಿತು. ಎದುರು ಕೋಣೆಯ ದಂಪತಿ ತಮ್ಮದನ್ನು ಒಳಗೆಳೆದುಕೊಂಡರು. ಆರೂಕಾಲಾಯಿತು. ಬಚ್ಚಲಿಗೆ ಹೋಗಿ ಬರುತ್ತೇನೆಂದು ಗಂಡನಿಗೆ ಸುಳ್ಳು ಹೇಳಿ ಬಂದ ಇಸ್ತ್ರಿಯಕ್ಕ ಆ ಉದ್ದನೆಯ ಓಣಿಯಲ್ಲಿ ಮೂರು ಸಲ ನಡೆದಳು, ಪ್ರತಿ ಚೀಟಿಯನ್ನೂ ಬಗ್ಗಿ ನೋಡಿದಳು.

ಕೋಣೆಗಳನ್ನು ಸ್ವಚ್ಛ ಮಾಡುವವನು ಟವೆಲ್ಲಿನ ರಾಶಿ ಹೊತ್ತು ಬಂದ. ಅವಳು ಅವನ ತೋಳನ್ನೇ ಹಿಡಿದುಕೊಂಡಳು.

"ಅಣ್ಣಾ, ನಮ್ಮ ಸೂಟ್‌ಕೇಸು ಬಂದಿಲ್ಲ. ನಮ್ಮ ಯಜಮಾನರ ಮಾತ್ರೆ ಅದರಲ್ಲಿದೆ. ಏಳು ಗಂಟೆಗೆ ತಪ್ಪಿದ್ರೆ ಅವರು ಬಿದ್ದು ಹೋಗ್ತಾರೆ."

"ಗಾಬರಿಯಾಗಬೇಡಿ ಅಮ್ಮ. ಹಡಗಲ್ಲಿ ಡಾಕ್ಟರ್ ಇದ್ದಾರೆ. ಮಾತ್ರೆ ಹೆಸರು ಹೇಳಿ."

"ಹಳದಿದು. ದುಂಡಗಿದೆ." ಹೆಸರು ಬರೆದ ಚೀಟಿ ಡಬ್ಬಿಯೊಳಗೇ ಇತ್ತು.

ಅವನು ಟವೆಲ್ಲುಗಳನ್ನು ಕೆಳಗಿಟ್ಟು ತಲೆ ಕೆರೆದುಕೊಂಡ. "ಸೂಟ್‌ಕೇಸಲ್ಲಿ ಇಡಬಾರದ್ದು ಏನಾದ್ರೂ ಇಟ್ಟಿದ್ರಾ? ಮೇಣದ ಬತ್ತಿ, ಒಲೆ, ಇಸ್ತ್ರಿಪೆಟ್ಟಿಗೆ, ಅಂಥದ್ದು?"

"ಇಸ್ತ್ರಿಪೆಟ್ಟಿಗೆ ಇಲ್ಲದೆ ಯಾರಾದ್ರೂ ಊರಿಗೆ ಹೋಗ್ತಾರೇನಪ್ಪಾ?"

ಅವನು ಗೊಳ್ಳೆಂದು ನಕ್ಕ. "ಎಲ್ಲರೂ ಹಾಗೇ ಹೋಗ್ತಾರಮ್ಮ! ಬನ್ನಿ ಬನ್ನಿ. ಸೂಟ್‌ಕೇಸ್ ಎಲ್ಲೂ ಹೋಗಿಲ್ಲ, ಕೆಳಗೆ ಹಿಡಿದಿಟ್ಟಿದ್ದಾರೆ. ನೀವೇ ಹೋಗಿ ಬಿಡಿಸ್ಕೋಬೇಕು."

ಬಿಡಿಸಿಕೊಳ್ಳುವುದೆಂದರೆ ಪೊಲೀಸು ಠಾಣೆಯೇ ಎಂದುಕೊಂಡೇ ಅವಳು ಅವನ ಹಿಂದೆ ಹೊರಟಳು. ಲಿಫ್ಟಿನಲ್ಲಿ ಇನ್ನೂ ಒಂದು ಅಂತಸ್ತು ಇಳಿದು, ಕಬ್ಬಿಣದ ಬಾಗಿಲ ಕೋಣೆಗೆ ಹೋದರೆ, ಅಲ್ಲಿ ಅವಳಂಥವರದೇ ಸಾಲು. ನೀರು ಕಾಯಿಸುವ ಕೆಟಲ್ ತಂದಿದ್ದ ಮುದುಕರೊಬ್ಬರು, "ಬೆಳಗಿನ ಜಾವ ಕಾಫಿ ಯಾರು ಕೊಡ್ತಾರ್ರೀ" ಎಂದು ಜಗಳಕ್ಕೆ ನಿಂತಿದ್ದರು. ಗೋಡೆಯ ಗಡಿಯಾರ ಆರೂ ಮುಕ್ಕಾಲು ತೋರಿಸುತ್ತಿತ್ತು. ಜನ್ಮದಲ್ಲಿ ಸಾಲು ಮುರಿಯದ ಇಸ್ತ್ರಿಯಕ್ಕ ಅಂದು ಮುರಿದಳು. "ಅಣ್ಣಾ, ನಿಮ್ಮ ಕಾಫಿ ನಾಳೆಗೆ, ನನ್ನ ಗಂಡ ಇವತ್ತಿಗೆ" ಎಂದು ಮುಂದೆ ನುಗ್ಗಿದಳು. ಮುದುಕರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

ಮೇಜಿನ ಹಿಂದಿನ ಅಧಿಕಾರಿಣಿ ಬೀಗ ತೆಗೆಸಿದಳು. ಟವೆಲ್ಲು ಬಿಚ್ಚಿತು, ಡಬ್ಬಿ ಕಂಡಿತು. ಇಸ್ತ್ರಿಯಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಒಳಗೆ ಮಾತ್ರೆಗಳು ಗಲಗಲ ಎಂದಾಗ ಹೋದ ಜೀವ ಬಂದಂತಾಯಿತು.

"ಇದನ್ನ ನಾವಿಟ್ಕೋತೀವಿ, ಇಳಿಯೋ ದಿನ ಕೊಡ್ತೀವಿ" ಎಂದು ಅಧಿಕಾರಿಣಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳು. "ನೀರಿನ ನಡುವೆ ಬೆಂಕಿ ಬಿದ್ರೆ ಓಡೋದೆಲ್ಲಿಗೆ, ಹೇಳಿ?"

"ಇಟ್ಕೋ ತಾಯಿ, ನೂರು ವರ್ಷ ಇಟ್ಕೋ."

ಸೂಟ್‌ಕೇಸನ್ನು ಟವೆಲ್ಲಿನವನಿಗೆ ಬಿಟ್ಟು, ಲಿಫ್ಟಿಗೂ ಕಾಯದೆ, ಮೆಟ್ಟಿಲು ಹತ್ತಿ ಮೇಲೆ ಬಂದಾಗ ಏಳಕ್ಕೆ ಮೂರು ನಿಮಿಷವಿತ್ತು. ಗಂಡ ಅದೇ ಕಟಕಟೆಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ಅವಳು ಏದುಸಿರು ಬಿಡುತ್ತ ಮಾತ್ರೆ ಕೊಟ್ಟಳು, ನೀರು ಕೊಟ್ಟಳು, ಅವನ ಗಂಟಲಿನ ಗಂಟು ಮೇಲೆ ಹೋಗಿ ಕೆಳಗಿಳಿಯುವುದನ್ನು ಕಣ್ಣಾರೆ ಕಂಡಳು. ಆಮೇಲೆ ಪಕ್ಕದ ಕುರ್ಚಿಯಲ್ಲಿ ಕುಸಿದು ಎಲ್ಲವನ್ನೂ ಹೇಳಿದಳು. ಹೇಳುವಾಗ ಅತ್ತಳು, ಕೆಟಲ್ಲಿನ ಮುದುಕರ ಮಾತು ಬಂದಾಗ ನಕ್ಕಳು.

ಅವನು ನೀರಿನ ಲೋಟ ಕೆಳಗಿಟ್ಟ. ಮುಖ ಬಿಗಿದಿತ್ತು.

"ಅಂಗಿ ಮೇಲೊಂದು ಗೀರಿಗೋಸ್ಕರ?"

"ಹ್ಞೂಂ ರೀ."

"ಮಧ್ಯಾಹ್ನದಿಂದ ಒಬ್ಬಳೇ ಹೊಟ್ಟೇಲಿಟ್ಕೊಂಡು ತಿರುಗಿದ್ಯಲ್ಲೇ. ಒಂದು ಮಾತು ಅಂದಿದ್ರೆ ಇಬ್ಬರೂ ಹುಡುಕ್ತಿದ್ವಿ. ಬಿದ್ದಿದ್ರೆ ಬೀಳೋನು ನಾನಲ್ವೇನೇ? ನನಗೆ ಗೊತ್ತಿರಬೇಡ್ವಾ?"

"ಇನ್ಮೇಲೆ ಹೇಳ್ತೀನಿ" ಎಂದಳು. ಅವನು ಡಬ್ಬಿಯಿಂದ ಚೀಟಿ ತೆಗೆದು ತನ್ನ ಜೇಬಿಗೆ ಹಾಕಿಕೊಂಡ. ಆರು ಮಾತ್ರೆ ಎಣಿಸಿ ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟ. "ಇದು ನಿನ್ನ ಹತ್ತಿರ. ಮಿಕ್ಕಿದ್ದು ನನ್ನ ಹತ್ತಿರ. ಒಂದು ಕಡೆ ಕಳೆದ್ರೂ ಇನ್ನೊಂದು ಕಡೆ ಇರತ್ತೆ."

ಊಟದ ಗಂಟೆ ಹೊಡೆಯಿತು. ಜನವೆಲ್ಲ ದಡಬಡ ಎದ್ದು ಹೋದರು. ಇವರಿಬ್ಬರೂ ಏಳಲಿಲ್ಲ. ನೂಕುನುಗ್ಗಲು ಕರಗಲಿ ಎಂದು ಅವನೆಂದ. ಗಾಳಿ ತಂಪಾಗಿತ್ತು. ಅವನ ತೋಳಿಗೆ ತಲೆಯಾನಿಸಿದವಳು, ಕತ್ತಲಾಗುವ ಮೊದಲೇ, ಕೂತಲ್ಲೇ ಗೊರಕೆ ಹೊಡೆಯತೊಡಗಿದಳು.